ವಾರಗಿತ್ತಿಯ ಹರಕೆ

ಸ್ನೇಹ ಕಿರಂಗೂರಿನ ಆ ಮನೆಗೆ ಸೊಸೆಯಾಗಿ ಬರುವ ಮೊದಲೇ ಅವಳ ಜಡೆಯ ಸುದ್ದಿ ಬಂದಿತ್ತು. ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಶೀಳನೆರೆಯ ಹುಡುಗಿಯೊಬ್ಬಳನ್ನು ಹಿಂದಿನಿಂದ ಕಂಡು, ಮುಖ ನೋಡುವುದಕ್ಕೂ ಮುಂಚೆ, ಮದುವೆ ಅಂತ ಆದರೆ ಇವಳನ್ನೇ ಎಂದು ತೀರ್ಮಾನ ಮಾಡಿದೆ ಅಂತ ನಾಗಾರ್ಜುನ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಮುದ್ದೆ ಮುರಿಯುತ್ತಿದ್ದ ಅವನ ಅಣ್ಣ ಅಶೋಕ ನಗುತ್ತಿದ್ದ. ತಾಯಿ ಬೆಟ್ಟಮ್ಮ, ಜಡೆ ಕಟ್ಟಿಕೊಂಡು ಬಾಳಾಕಾಯ್ತದ ಅಂತ ಗದರುತ್ತಲೇ ಜಡೆ ಎಷ್ಟುದ್ದ ಅಂತ ಕೇಳುತ್ತಿದ್ದಳು. ಸಾರು ಬಡಿಸುತ್ತಿದ್ದ ಅಶೋಕನ ಹೆಂಡತಿ ಸಹನ ಮಾತ್ರ ಏನೂ ಕೇಳುತ್ತಿರಲಿಲ್ಲ. ಅವಳ ಎಡಗಿವಿಯ ಹಿಂದೆ ಹತ್ತು ರೂಪಾಯಿ ನಾಣ್ಯದಷ್ಟು ಜಾಗ ಆಗ ತಾನೇ ಬೋಳಾಗಿತ್ತು. ಅದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಮದುವೆ ಆಯಿತು, ಜಡೆ ಮನೆಗೆ ಬಂತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಜಡೆ ಚೆನ್ನಾಗಿಯೇ ಇತ್ತು. ಸೊಂಟದಿಂದ ಕೆಳಗೆ ಇಳಿದಿತ್ತು, ಬುಡದಲ್ಲಿ ಎಷ್ಟು ದಪ್ಪವೋ ತುದಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ತವರಿನಿಂದ ಅವರವ್ವ ಅಣ್ಣಮ್ಮ ಸೀಗೆಪುಡಿಯ ಜೊತೆಗೆ ತಲೆ ತೊಳೆಯಲು ಒಣಗಿಸಿದ ಮತ್ತಿಸೊಪ್ಪನ್ನೂ ಡಬ್ಬಿ ತುಂಬಿ ಕಳಿಸಿದ್ದಳು. ಭಾನುವಾರ ತಲೆಗೆ ನೀರು ಹಾಕಿಕೊಂಡು ಸ್ನೇಹ ಜಗಲಿಯ ಮೇಲೆ ಕೂದಲು ಹರವಿ ಕೂತರೆ ಬೀದಿಯಲ್ಲಿ ಹೋಗುವ ಹೆಂಗಸರು ನಿಂತು ಮಾತನಾಡಿಸಿ ಹೋಗುತ್ತಿದ್ದರು. ಕೂದಲಿರುವವರು ಜಂಬ ಮಾಡಿದರೆ ಬೈಯ್ಯಲಿಕ್ಕಾದರೂ ಒಂದು ನೆಪ ಸಿಗುತ್ತದೆ. ಸ್ನೇಹ ಅದನ್ನೂ ಮಾಡುತ್ತಿರಲಿಲ್ಲ. ಒಣಗಿದ ತಕ್ಷಣ ಗಂಟು ಹಾಕಿಕೊಂಡು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು.

ಸಹನಳಿಗೆ ಬಾಬುರಾಯನಕೊಪ್ಪಲಿನ ಆಚೆಗಿನ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಬೇರೆಯವರು ಹೊಲಿದ ಶರ್ಟನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವುದು, ತಪ್ಪಿದ್ದ ಕಡೆ ಒಂದು ಸ್ಟಿಕ್ಕರ್ ಅಂಟಿಸಿ ವಾಪಸ್ಸು ಎಸೆಯುವುದು. ಆ ವಿದ್ಯೆಯನ್ನೆಲ್ಲ ಮನೆಯಲ್ಲಿ ವಾರಗಿತ್ತಿಯ ಮೇಲೆ ಪ್ರಯೋಗಿಸಿ ನೋಡಿದಳು. ಸಾರಿಗೆ ಉಪ್ಪು ಸರಿಯಾಗಿತ್ತು, ಮಾತು ಮೆತ್ತಗಿತ್ತು, ಬೆಳಿಗ್ಗೆ ಏಳುವುದೂ ಬೇಗ. ಸ್ಟಿಕ್ಕರ್ ಅಂಟಿಸಲು ಒಂದು ಜಾಗವೂ ಸಿಗಲಿಲ್ಲ. ಅದಕ್ಕೇ ಅವಳ ಹೊಟ್ಟೆ ಇನ್ನಷ್ಟು ಉರಿಯಿತು.

ಬೋಳು ಜಾಗ ಬಯಲಾದದ್ದು ಒಂದು ಶನಿವಾರ, ಬೆಟ್ಟಮ್ಮ ಹರಳೆಣ್ಣೆ ಹಚ್ಚುತ್ತೇನೆ ಬಾ ಅಂತ ದೊಡ್ಡ ಸೊಸೆಯನ್ನು ಎದುರಿಗೆ ಕೂರಿಸಿಕೊಂಡಾಗ. ಬೆರಳು ಕಿವಿಯ ಹಿಂದೆ ಹೋದದ್ದೇ ಬೆಟ್ಟಮ್ಮನ ಕೈ ನಿಂತಿತು. ಹುಳ ತಿಂದಿದೆ ಅಂತ ಅಲ್ಲೇ ತೀರ್ಪಾಯಿತು. ರಾತ್ರಿ ಮಲಗಿದಾಗ ಯಾವುದೋ ಹುಳ ಬಂದು ಕೂದಲನ್ನು ಬುಡ ಸಮೇತ ಮೇಯ್ದು ಹೋಗುತ್ತದೆ ಅನ್ನುವುದು ಆ ಕಡೆಯವರ ನಂಬಿಕೆ. ಹುಳವನ್ನು ಮಾತ್ರ ಈವರೆಗೆ ಯಾರೂ ಕಂಡಿಲ್ಲ. ಎದುರು ಮನೆಯ ಮಾಯಮ್ಮನಿಗೆ ಬುಲಾವು ಹೋಯಿತು. ಮಾಯಮ್ಮ ಮೊದಲು ಈರುಳ್ಳಿ ತಿಕ್ಕಿದಳು. ಅದಕ್ಕೆ ಬಗ್ಗದಿದ್ದಾಗ ಗುಲಗಂಜಿ ತೇಯ್ದು ತಂದು, ಒರಟು ಬಟ್ಟೆಯಲ್ಲಿ ಕೆಂಪಾಗುವ ತನಕ ಉಜ್ಜಿ, ಅದರ ಮೇಲೆ ಹಚ್ಚಿದಳು. ಮಾರನೆಯ ದಿನ ಬೊಬ್ಬೆ ಎದ್ದಿತು, ಆಮೇಲೆ ಗಾಯವಾಯಿತು. ಗಾಯ ಮಾಯುವಷ್ಟರಲ್ಲಿ ನೆತ್ತಿಯ ಮೇಲೆ ವಡೆಯಷ್ಟಗಲದ ಇನ್ನೊಂದು ಬೋಳು ಕಾಣಿಸಿಕೊಂಡಿತ್ತು.

ಫ್ಯಾಕ್ಟರಿಯಲ್ಲಿ ಹೆಂಗಸರೆಲ್ಲ ತಲೆಗೆ ಬಟ್ಟೆ ಕಟ್ಟಿಕೊಂಡೇ ಕೂರಬೇಕು. ಮಾಲಿನೊಳಗೆ ಒಂದು ಕೂದಲು ಸೇರಿದರೂ ಮೇಲಿನವರು ಕುಣಿದಾಡುತ್ತಾರೆ. ಚೆಕಿಂಗಿನವರದು ಹಳದಿ ಬಟ್ಟೆ. ಸಹನ ಆ ಹಳದಿ ಬಟ್ಟೆಯನ್ನು ಮನೆಯಲ್ಲೂ ಬಿಚ್ಚುವುದನ್ನು ಬಿಟ್ಟಳು. ಬೆಟ್ಟಮ್ಮ ಅವಳ ಬಾಚಣಿಗೆಯನ್ನು ಬೇರೆ ಗೂಡಿನಲ್ಲಿಟ್ಟು, ಅದನ್ನು ಮುಟ್ಟಬೇಡ ಕಣವ್ವ ಅಂಟಿಕತದೆ ಅಂತ ಸ್ನೇಹಳ ಕಿವಿಯಲ್ಲಿ ಹೇಳಿದಳು. ಬೆಟ್ಟಮ್ಮ ಕಿವಿಯಲ್ಲಿ ಹೇಳಿದ್ದು ಹಿತ್ತಲಿಗೂ ಕೇಳಿಸುತ್ತದೆ.

ಇನ್ನೂ ಒಂದು ನೋವಿತ್ತು. ಲೈನ್‌ಮನ್ ಆಗಿದ್ದ ನಾಗಾರ್ಜುನ ಸಂಜೆ ಶ್ರೀರಂಗಪಟ್ಟಣದಿಂದ ಬರುವಾಗ ಮಲ್ಲಿಗೆ ತರುತ್ತಿದ್ದ. ಬೆಟ್ಟಮ್ಮ ನ್ಯಾಯವಂತೆ, ಎಂದಿನಂತೆ ಹೂವನ್ನು ಸಮನಾಗಿ ಎರಡು ಮಾಡುತ್ತಿದ್ದಳು. ಒಂದು ಭಾಗ ಸ್ನೇಹಳ ಜಡೆಗೆ ಹೋಗುತ್ತಿತ್ತು. ಇನ್ನೊಂದು ಭಾಗವನ್ನು ಕೈಯಲ್ಲಿ ಹಿಡಿದು ಸಹನಳ ತಲೆಬಟ್ಟೆಯ ಕಡೆ ಒಮ್ಮೆ ನೋಡಿ, ದೇವರ ಪಟಕ್ಕೆ ಹಾಕಿಬಿಡುತ್ತಿದ್ದಳು. ದೇವರ ಮೇಲೂ ಹೊಟ್ಟೆಕಿಚ್ಚು ಪಡಬಹುದು ಅಂತ ಸಹನಳಿಗೆ ಗೊತ್ತಾದದ್ದು ಆಗಲೇ.

ಕೊನೆಗೆ ಅಶೋಕ ಅವಳನ್ನು ಬೈಕಿನಲ್ಲಿ ಪಾಂಡವಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ಬುಧವಾರ ಚರ್ಮದ ಡಾಕ್ಟರಮ್ಮ ಬರುತ್ತಿದ್ದರು. ಬೆಂಚಿನಲ್ಲಿ ಪಕ್ಕ ಕೂತಿದ್ದವಳು ಇಫ್ಫತ್, ತೊಡೆಯ ಮೇಲೆ ಅವಳ ಪುಟ್ಟ ಮಗಳು. ಮಗುವಿನ ತಲೆಯಲ್ಲೂ ಒಂದು ಬೋಳು, ಆದರೆ ಅದರ ಮೇಲೆ ಹೊಟ್ಟು ಎದ್ದಿತ್ತು, ಮಗು ಕೆರೆದುಕೊಳ್ಳುತ್ತಿತ್ತು. ಇಬ್ಬರಿಗೂ ಒಂದೇ ಕಾಯಿಲೆ ಅಂದುಕೊಂಡು ಮಾತು ಬೆಳೆಯಿತು. ಫಿಕರ್ ಮಾಡ್ಕೋಬೇಡಿ ಅಕ್ಕ ಅಂತ ಇಫ್ಫತ್ ಧೈರ್ಯ ಹೇಳಿದಳು. ಒಳಗೆ ಹೋಗಿ ಬಂದವಳ ಮುಖ ಅರಳಿತ್ತು. ಮಗುವಿನದು ಬರೀ ಫಂಗಸ್ಸಂತೆ, ಅಂಟುತ್ತದಂತೆ, ಬಾಚಣಿಗೆ ಟವಲು ಬೇರೆ ಮಾಡಬೇಕಂತೆ, ಆದರೆ ಮಾತ್ರೆ ನುಂಗಿದರೆ ಪೂರ್ತಿ ಹೋಗಿಬಿಡುತ್ತದಂತೆ. ಖುಷಿಯಿಂದ ಹೇಳಿ ಹೋದಳು. ಸಹನಳಿಗೆ ಆ ಮಗುವಿನ ಮೇಲೂ ಅಸೂಯೆಯಾಯಿತು. ಹೆಸರಿಗೆ ಸಹನ, ನೋಡಿ.

ಡಾಕ್ಟರಮ್ಮ ದೀಪವಿದ್ದ ಭೂತಗನ್ನಡಿಯನ್ನು ನೆತ್ತಿಗೆ ಒತ್ತಿ ಬಹಳ ಹೊತ್ತು ನೋಡಿದರು. ಹುಳವೂ ಇಲ್ಲ ಗಿಳವೂ ಇಲ್ಲ ಅಂದರು. ಮೈಯನ್ನು ಕಾಯಬೇಕಾದ ರಕ್ತದ ಕಣಗಳೇ ಕೂದಲಿನ ಬುಡವನ್ನು ಶತ್ರು ಅಂತ ತಪ್ಪು ತಿಳಿದು ಮೇಲೆ ಬೀಳುತ್ತವೆ, ಅದಕ್ಕೆ ದುಂಡಗೆ ಉದುರುತ್ತದೆ. ಬುಡ ಸತ್ತಿಲ್ಲ, ಸುಮ್ಮನೆ ಮಲಗಿದೆ. ತಿಂಗಳಿಗೊಮ್ಮೆ ಬೋಳಿನೊಳಕ್ಕೇ ಸಣ್ಣ ಸಣ್ಣ ಇಂಜೆಕ್ಷನ್ ಕೊಟ್ಟು ಆ ಗಲಾಟೆಯನ್ನು ತಣ್ಣಗೆ ಮಾಡಬೇಕು, ಮನೆಯಲ್ಲಿ ಔಷಧಿ ನೀರು ಹಚ್ಚಬೇಕು, ಥೈರಾಯ್ಡಿಗೆ ಒಂದು ರಕ್ತ ಪರೀಕ್ಷೆ ಮಾಡಿಸಬೇಕು. ಎಷ್ಟೋ ಜನರಿಗೆ ಕೂದಲು ವಾಪಸ್ಸು ಬರುತ್ತದೆ, ಕೆಲವರಿಗೆ ಬಂದು ಮತ್ತೆ ಉದುರುತ್ತದೆ, ಬಂದೇ ಬರುತ್ತದೆ ಅಂತ ಬರೆದುಕೊಡಲು ಆಗುವುದಿಲ್ಲ. ಗುಲಗಂಜಿ ಹಚ್ಚಿದವರು ಯಾರೋ ಅವರನ್ನು ತಲೆಯ ಹತ್ತಿರ ಬಿಡಬೇಡಿ, ಗಾಯ ಕಲೆಯಾದರೆ ಅಲ್ಲಿ ಕೂದಲು ಯಾವತ್ತಿಗೂ ಬರಲಿಕ್ಕಿಲ್ಲ ಅಂತಲೂ ಎಚ್ಚರಿಸಿದರು.

ಸಹನಳ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ. ಇದು ಅಂಟುವುದಿಲ್ಲವೇ ಅಂತ ಕೇಳಿದಳು. ಇಲ್ಲ ಅಂದರು. ಒಂದೇ ಬಾಚಣಿಗೆಯಲ್ಲಿ ಇನ್ನೊಬ್ಬರು ಬಾಚಿಕೊಂಡರೂ ಇಲ್ಲವೇ? ಇಲ್ಲ. ಈ ಮಾತು ಕೇಳಿ ಅವಳಿಗೆ ಸಮಾಧಾನ ಆಗಬೇಕಿತ್ತು. ಒಂದು ಸಣ್ಣ ನಿರಾಸೆ ಆಯಿತು.

“ಹಂಗಾದ್ರೆ ಇದು ಯಾರ ಕಣ್ಣು ಬಿದ್ದು ಆಗಿದ್ದು, ಮೇಡಂ?”

“ಯಾರ ಕಣ್ಣೂ ಅಲ್ಲ. ಯಾರ ತಪ್ಪೂ ಅಲ್ಲ. ನಿಮ್ದೂ ಅಲ್ಲ” ಅಂದರು ಡಾಕ್ಟರಮ್ಮ.

ಯಾರ ತಪ್ಪೂ ಇಲ್ಲದ ಮೇಲೆ ಬೈಯ್ಯುವುದು ಯಾರನ್ನು? ಸಹನಳಿಗೆ ಆ ಉತ್ತರ ಇಂಜೆಕ್ಷನ್ನಿಗಿಂತ ಹೆಚ್ಚು ನೋವು ಕೊಟ್ಟಿತು. ಹಾಗಂತ ಇಂಜೆಕ್ಷನ್ನೇನು ಕಡಿಮೆಯಲ್ಲ. ನೆತ್ತಿಯ ಚರ್ಮದೊಳಕ್ಕೆ ಸಾಲಾಗಿ ಸೂಜಿ ಇಳಿಸುವಾಗ ಅವಳು ಟೇಬಲ್ಲಿನ ಅಂಚು ಹಿಡಿದು ಹಲ್ಲು ಕಚ್ಚುತ್ತಿದ್ದಳು. ಪ್ರತಿ ತಿಂಗಳೂ ಹೋದಳು, ಒಂದು ಸಲವೂ ತಪ್ಪಿಸಲಿಲ್ಲ. ಯುಗಾದಿ ಕಳೆಯಿತು, ಮಳೆಗಾಲ ಹಿಡಿಯಿತು. ಬೋಳು ದೊಡ್ಡದಾಗುವುದು ನಿಂತಿತು, ಆದರೆ ಕೂದಲು ಬರಲಿಲ್ಲ. ಬಚ್ಚಲಿಗೆ ಹೋದಾಗಲೆಲ್ಲ ಸ್ನೇಹಳ ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡುವುದು ಅವಳಿಗೆ ಅಭ್ಯಾಸವಾಯಿತು. ಅದಕ್ಕೆ ಒಂದೋ ಎರಡೋ ಎಳೆ ಅಂಟಿರುತ್ತಿದ್ದವು, ಯಾರ ಬಾಚಣಿಗೆಗಾದರೂ ಅಂಟುವಷ್ಟು.

ಅಷ್ಟರಲ್ಲಿ ಶ್ರಾವಣ ಬಂತು. ಅವರದು ತಿಮ್ಮಪ್ಪನ ಒಕ್ಕಲಿನ ಮನೆ. ಶ್ರಾವಣ ಶನಿವಾರ ದಾಸಯ್ಯ ಬಂದು ಶಂಖ ಊದಿ ಜಾಗಟೆ ಬಡಿಯದೆ ಯಾರೂ ತುತ್ತು ಎತ್ತುವಂತಿಲ್ಲ. ದಾಸಯ್ಯ ಮಂಚಯ್ಯ ಬಂದ, ನೆಂಟರೂ ಬೀದಿಯವರೂ ಪಡಸಾಲೆ ತುಂಬ ನಿಂತರು, ಎಡೆ ಇಟ್ಟಾಯಿತು, ಗೋವಿಂದ ಅಂತ ಎಲ್ಲರೂ ಕೂಗಿ ಆಯಿತು. ಹರಕೆ ಏನಾದರೂ ಇದ್ದರೆ ಈಗಲೇ ಹೇಳಿಕೊಳ್ಳಿ ಅಂತ ಮಂಚಯ್ಯ ಪ್ರತಿ ವರ್ಷದಂತೆ ಕೇಳಿದ. ಪ್ರತಿ ವರ್ಷದಂತೆ ಯಾರೂ ಮಾತಾಡುವುದಿಲ್ಲ ಅಂದುಕೊಳ್ಳುವಷ್ಟರಲ್ಲಿ ಸ್ನೇಹ ಮುಂದೆ ಬಂದು ಕೈ ಮುಗಿದಳು.

“ನಮ್ಮಕ್ಕಂಗೆ ಕೂದ್ಲು ಮೊದ್ಲಿನಂಗೆ ಬಂದ್ರೆ ನನ್ ತಲೆಕೂದ್ಲು ಪೂರ್ತಿ ನಿಂಗೆ ಮುಡಿ ಕೊಡ್ತೀನಿ ಕಣಪ್ಪ, ತಿಮ್ಮಪ್ಪ.”

ಮಂಚಯ್ಯ ಶಂಖ ಊದಿಬಿಟ್ಟ. ಶಂಖ ಊದಿದ ಮೇಲೆ ಮುಗಿಯಿತು, ಮಾತು ದೇವರಿಗೆ ಮುಟ್ಟಿದ ಹಾಗೆ. ಬೆಟ್ಟಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ದೇವರ ಗೂಡಿನ ಮೊಳೆಗೆ ನೇತುಹಾಕಿದಳು. ಹೆಂಗಸರು ಸ್ನೇಹಳ ಗಲ್ಲ ಸವರಿ ನೆಟಿಕೆ ಮುರಿದರು. ಹಳದಿ ಬಟ್ಟೆ ಕಟ್ಟಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ ಸಹನಳ ಕಡೆ ಎಲ್ಲರೂ ಒಂದೊಂದು ಸಲ ನೋಡಿದರು. ಆ ನೋಟದಲ್ಲಿ ಇದ್ದದ್ದು ಮರುಕ. ಅವಳಿಗೆ ಸಿಕ್ಕಿದ್ದು ಅಷ್ಟೇ.

ಊರ ಬಾಯಿಗೆ ಆಮೇಲೆ ಬೇರೆ ಸುದ್ದಿಯೇ ಬೇಕಾಗಲಿಲ್ಲ. ಒಡಹುಟ್ಟಿದವಳೂ ಹೀಗೆ ಮಾಡುವುದಿಲ್ಲ, ಚಿನ್ನದಂಥ ಸೊಸೆ, ಬೆಟ್ಟಮ್ಮ ಯಾವ ಜನ್ಮದಲ್ಲಿ ಪುಣ್ಯ ಮಾಡಿದ್ದಳೋ! ಕಿರಂಗೂರಿನ ಒಬ್ಬಳು ಅದನ್ನು ಫ್ಯಾಕ್ಟರಿಗೂ ಹೊತ್ತು ತಂದಳು. ಊಟದ ಹೊತ್ತಿನಲ್ಲಿ ಪಕ್ಕದ ಸೆಕ್ಷನ್ನಿನವರು ಬಂದು ಸಹನಳಿಗೆ, ನೀನು ಅದೃಷ್ಟವಂತೆ ಅಂತ ಹೇಳಿ ಹೋದರು. ತಲೆ ಬೋಳಾದವಳಿಗೆ ಅದೃಷ್ಟವಂತೆ ಅನ್ನಿಸಿಕೊಳ್ಳುವ ಕರ್ಮ. ಅವಳು ಸಂಜೆ ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದಳು. ತಾನು ಹರಕೆ ಕೇಳಿರಲಿಲ್ಲ, ತನ್ನ ತಲೆಯನ್ನು ಪಡಸಾಲೆಯಲ್ಲಿ ಹರಾಜಿಗೆ ಇಡಲು ಅವಳು ಯಾರು ಅಂತ ಕೂಗಾಡಿದಳು.

“ಒಳ್ಳೇದ್ ಮಾಡ್ದೋಳ್ ಮ್ಯಾಲೆ ಯಾಕಮ್ಮಿ ಇಂಗ್ ಉರ್ಕತೀಯ?” ಅಂದ ಅಶೋಕ.

ಗಂಡಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಕೆಟ್ಟದ್ದು ಮಾಡಿದವರ ಮೇಲೆ ಉರಿದುಕೊಂಡರೆ ಊರು ಜೊತೆಗಿರುತ್ತದೆ. ಒಳ್ಳೆಯದು ಮಾಡಿದವಳ ಮೇಲೆ ಉರಿದುಕೊಳ್ಳುವುದನ್ನು ಒಬ್ಬರೇ ಮಾಡಬೇಕು.

ದೀಪಾವಳಿಗೆ ಇನ್ನೇನು ಕೆಲವು ದಿನ ಇರುವಾಗ ಸಹನ ಕನ್ನಡಿಯ ಮುಂದೆ ತಲೆಬಟ್ಟೆ ಬಿಚ್ಚಿ, ಇನ್ನೊಂದು ಕನ್ನಡಿಯನ್ನು ನೆತ್ತಿಯ ಮೇಲೆ ಹಿಡಿದು ಔಷಧಿ ಹಚ್ಚುತ್ತಿದ್ದಳು. ಬೋಳಿನ ಮೇಲೆ ಏನೋ ಬೆಳ್ಳಗೆ ಕಂಡಿತು. ಧೂಳು ಅಂದುಕೊಂಡು ಒರೆಸಿದಳು, ಹೋಗಲಿಲ್ಲ. ಬೆರಳಿಟ್ಟು ನೋಡಿದರೆ ಮೆತ್ತಗೆ ತಾಗಿತು. ಹಸುಗೂಸಿನ ಕೂದಲಿನಂಥದು, ಬಿಳಿಯದು. ಆ ಬುಧವಾರ ಡಾಕ್ಟರಮ್ಮ ಭೂತಗನ್ನಡಿ ಒತ್ತಿ ನೋಡಿ ಅವಳಿಗಿಂತ ಹೆಚ್ಚು ಖುಷಿಪಟ್ಟರು. ಮೊದಲು ಬರುವುದು ಸಾಮಾನ್ಯವಾಗಿ ಬಿಳಿಯೇ, ಆಮೇಲೆ ಬಣ್ಣ ಕೂಡಿಕೊಳ್ಳುತ್ತದೆ, ಔಷಧಿ ಬಿಡಬೇಡಿ ಅಂದರು. ಸಹನ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತುಕೊಂಡೇ ಬಂದಳು. ಅರ್ಧ ದಾರಿ ಸಂತೋಷಕ್ಕೆ ಅತ್ತಳು. ಕಿರಂಗೂರು ಹತ್ತಿರವಾದಂತೆ ಸ್ನೇಹಳ ಹರಕೆ ನೆನಪಾಗಿ ಸಿಟ್ಟಿಗೆ ಅತ್ತಳು.

ಹೇಳಿದರೆ ಏನಾಗುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾಯಮ್ಮ ಗುಲಗಂಜಿಯ ಮಹಿಮೆ ಅನ್ನುತ್ತಾಳೆ. ಬೆಟ್ಟಮ್ಮ ತಿಮ್ಮಪ್ಪನ ಮಹಿಮೆ ಅನ್ನುತ್ತಾಳೆ. ಊರು ಅದ್ಯಾವುದನ್ನೂ ಕೇಳದೆ ಸ್ನೇಹಳ ಮಹಿಮೆ ಅನ್ನುತ್ತದೆ. ಸ್ನೇಹ ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು, ಬುರುಡೆಗೆ ಗಂಧ ಬಳಿದುಕೊಂಡು ಬಸ್ಸಿಳಿದರೆ ಜನ ಕಾಲಿಗೆ ಬೀಳುವುದೊಂದು ಬಾಕಿ. ಆಮೇಲೆ ಸಾಯುವವರೆಗೂ ಸಹನಳ ತಲೆ ನೋಡಿದವರಿಗೆಲ್ಲ ಸ್ನೇಹಳ ತಲೆ ನೆನಪಾಗುತ್ತದೆ. ಸೂಜಿ ಚುಚ್ಚಿಸಿಕೊಂಡವಳು ಒಬ್ಬಳು, ಬೆಳೆದ ಪೈರು ಇನ್ನೊಬ್ಬಳ ಹೆಸರಿಗೆ ಖಾತೆ. ಅವಳಿಗೆ ಬೇಕಾಗಿದ್ದದ್ದು ಕೂದಲು ಮಾತ್ರವಲ್ಲ. ಅದು ತನ್ನದೇ ಅಂತ ಆಗಬೇಕಿತ್ತು.

ಹಾಗಂತ ಇನ್ನೊಂದು ಆಸೆಯೂ ಸುಮ್ಮನಿರಲಿಲ್ಲ. ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ಸಾಕು, ಆ ಜಡೆ ಹೋಗುತ್ತದೆ. ಜಗಲಿಯ ಮೇಲೆ ಕೂದಲು ಹರವಿ ಕೂರುವುದು ನಿಲ್ಲುತ್ತದೆ. ಅದನ್ನು ನೆನೆಸಿಕೊಂಡಾಗ ಬಾಯಲ್ಲಿ ಬೆಲ್ಲ ಇಟ್ಟ ಹಾಗಾಗುತ್ತಿತ್ತು. ಜಡೆ ಹೋದ ಸ್ನೇಹಳನ್ನು ನೋಡುವ ಆಸೆ, ಅವಳು ದೇವತೆಯಾಗಿ ಮೆರೆಯುವುದನ್ನು ನೋಡಲಾರದ ಸಂಕಟ. ಎರಡೂ ಒಂದನ್ನೊಂದು ಎಳೆದಾಡಿ ಸಹನ ಸುಮ್ಮನೆ ಉಳಿದಳು. ಅಶೋಕನ ಹತ್ತಿರ ಮಾತ್ರ ಹೇಳಿ, ಬಾಯಿ ಬಿಟ್ಟರೆ ನೋಡು ಅಂದಳು. ಕಬ್ಬು ಕಡಿಯುವ ಕಾಲ, ಆಳು ಸಿಗದೆ ಒದ್ದಾಡುತ್ತಿದ್ದ ಅವನಿಗೆ ಯಾರ ತಲೆಯ ಮೇಲೆ ಏನು ಬೆಳೆದರೂ ಒಂದೇ ಆಗಿತ್ತು.

ಬೆಟ್ಟಮ್ಮ ಆಗಾಗ ಕೇಳುವಳು, ಏನಾದರೂ ಚಿಗುರಿತೇ ಅಂತ. ಇಲ್ಲ ಕಣತ್ತೆ ಅನ್ನುವಳು ಸಹನ. ಸುಳ್ಳು ಬಲಿಯುತ್ತ ಹೋಯಿತು, ಬಟ್ಟೆಯ ಕೆಳಗೆ ಕೂದಲೂ ಬಲಿಯಿತು. ಬಿಳಿ ಕರಗಿ ಕಪ್ಪಾಯಿತು, ಬೆರಳಿಗೆ ಸಿಗುವಷ್ಟಾಯಿತು, ಬಟ್ಟೆಯೊಳಗೆ ಬೆವೆತು ತುರಿಸಲು ಹತ್ತಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಸಹನಳಿಗೆ ಎರಡೂ ಇದ್ದು ಬಾಯಿ ಹೊಲಿದುಕೊಂಡ ಸ್ಥಿತಿ. ಒಂದು ಸಲವಾದರೂ ಬರಿದಲೆಯಲ್ಲಿ ಬಾಗಿಲಾಚೆ ನಿಲ್ಲಬೇಕು ಅಂತ ಅವಳ ಜೀವ ಬಡಿದುಕೊಳ್ಳುತ್ತಿತ್ತು.

ಧನುರ್ಮಾಸದ ಒಂದು ಭಾನುವಾರ. ಬೆಟ್ಟಮ್ಮ ಮಾಯಮ್ಮನನ್ನು ಕರೆದುಕೊಂಡು ಶ್ರೀರಂಗಪಟ್ಟಣದ ದೇವಸ್ಥಾನಕ್ಕೆ ಹೋಗಿದ್ದಳು. ಗಂಡಸರು ಗದ್ದೆಯಲ್ಲಿದ್ದರು. ಸ್ನೇಹ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದಳು. ಸಹನ ತಲೆಗೆ ನೀರು ಹಾಕಿಕೊಂಡು ಹಿತ್ತಲಿನ ಬಿಸಿಲಲ್ಲಿ ಕೂತು, ಎಷ್ಟೋ ತಿಂಗಳ ಮೇಲೆ ತಲೆಗೆ ಗಾಳಿ ಸೋಕಿಸುತ್ತಿದ್ದಳು. ಹಿಂದೆ ಹೆಜ್ಜೆ ಸದ್ದಾಯಿತು. ಮಿಲ್ಲಿನಲ್ಲಿ ಕರೆಂಟು ಹೋಗಿ ಸ್ನೇಹ ಬೇಗ ವಾಪಸ್ಸು ಬಂದಿದ್ದಳು. ಸಹನ ತಡಬಡಿಸಿ ಟವಲಿಗೆ ಕೈ ಹಾಕಿದಳು.

“ಮುಚ್ಕಬ್ಯಾಡ ಅಕ್ಕ” ಅಂದಳು ಸ್ನೇಹ. “ನಂಗೊತ್ತು. ದೀಪಾವಳಿ ಎಣ್ಣೆನೀರಿನ ದಿನವೇ ನೋಡ್ದೆ.”

ಈಗ ಇವಳು ಗೋವಿಂದ ಅಂತ ಕೂಗುತ್ತಾಳೆ, ತಬ್ಬಿಕೊಳ್ಳುತ್ತಾಳೆ, ಬೀದಿಗೆ ಓಡಿ ಸಾರುತ್ತಾಳೆ ಅಂತ ಸಹನ ಹಲ್ಲು ಕಚ್ಚಿ ಕಾದಳು. ಸ್ನೇಹ ಯಾವುದನ್ನೂ ಮಾಡಲಿಲ್ಲ. ರಾಗಿಯ ಚೀಲವನ್ನು ಕೆಳಗಿಟ್ಟು ಸಹನಳ ಎದುರು ಕುಕ್ಕರಗಾಲಲ್ಲಿ ಕೂತಳು. ಅವಳ ಎರಡೂ ಕೈ ತನ್ನ ಜಡೆಯನ್ನು ಹಿಡಿದುಕೊಂಡಿದ್ದವು.

“ಅತ್ತೆಗ್ ಯೋಳ್ಬ್ಯಾಡ ಅಕ್ಕ. ನಿನ್ ಕಾಲಿಗ್ ಬೀಳ್ತೀನಿ.”

ಸಹನಳಿಗೆ ಅರ್ಥವಾಗಲಿಲ್ಲ. ಸ್ನೇಹ ಅಳುತ್ತ ಹೇಳಿದಳು. ಹರಕೆ ಹೇಳಿದ ದಿನ ಜನ ತುಂಬಿದ್ದರು, ಜಾಗಟೆ ಬಡಿಯುತ್ತಿತ್ತು, ಏನಾದರೂ ಒಳ್ಳೆಯದು ಹೇಳಬೇಕು ಅನ್ನಿಸಿತು, ಬಾಯಿ ತಾನಾಗಿ ತೆರೆದುಕೊಂಡಿತು. ಶಂಖ ಊದುವ ಹೊತ್ತಿಗೇ ಯಾಕಾದರೂ ಹೇಳಿದೆನೋ ಅನ್ನಿಸಿತ್ತು. ಆ ರಾತ್ರಿಯಿಂದ ನಾಗಾರ್ಜುನ ಸರಿಯಾಗಿ ಮಾತಾಡಿಸಿಲ್ಲ. ನನ್ನನ್ನು ಒಂದು ಮಾತು ಕೇಳಿದೆಯಾ ಅಂತ ಒಂದೇ ಸಲ ಕೇಳಿ ಗೋಡೆ ಕಡೆ ತಿರುಗಿದವನು ಹಾಗೇ ಇದ್ದಾನೆ. ಅವನು ನೋಡಿ ಒಪ್ಪಿದ್ದೇ ಈ ಕೂದಲನ್ನು, ಇದು ಹೋದರೆ ತನ್ನಲ್ಲಿ ಇನ್ನೇನಿದೆ ಅಂತ ಅವಳು ಬಿಕ್ಕಿದಳು. ಆಮೇಲೆ ತಲೆ ಬಗ್ಗಿಸಿ ಇನ್ನೊಂದು ಮಾತು ಹೇಳಿದಳು.

“ದಿನಾ ದೀಪ ಹಚ್ಚುವಾಗ ಬೇಡ್ಕತಿದ್ದೆ ಅಕ್ಕ. ಅಕ್ಕಂಗೆ ಕೂದ್ಲು ಬರ್ದೇ ಇರ್ಲಿ, ಬಂದಿದ್ರೂ ಉದುರೋಗ್ಲಿ ಅಂತ.”

ಇಂಥ ಮಾತು ಕೇಳಿದರೆ ಯಾರಾದರೂ ಕಪಾಳಕ್ಕೆ ಬಾರಿಸುತ್ತಾರೆ. ಸಹನಳಿಗೆ ಮಾತ್ರ ಎಷ್ಟೋ ದಿನದಿಂದ ಉರಿಯುತ್ತಿದ್ದ ಹೊಟ್ಟೆಗೆ ಯಾರೋ ಮಜ್ಜಿಗೆ ಹೊಯ್ದಂತಾಯಿತು. ಚಿನ್ನದಂಥ ಸೊಸೆ, ತಪ್ಪೇ ಇಲ್ಲದ ಹೆಂಗಸು, ದೇವರ ಮುಂದೆ ದೀಪ ಹಚ್ಚಿ ವಾರಗಿತ್ತಿಯ ತಲೆ ಬೋಳಾಗಲಿ ಅಂತ ಬೇಡುತ್ತಿದ್ದಳು. ಅಂದರೆ ಇವಳೂ ತನ್ನಂಥವಳೇ! ಸಹನಳಿಗೆ ನಗು ಬಂತು. ಇವಳ ಮೇಲೆ ಮೊದಲ ಸಲ ಅಕ್ಕರೆಯೂ ಬಂತು. ಅವಳ ಕೆನ್ನೆ ಒರೆಸಲು ಕೈ ಚಾಚುವಷ್ಟರಲ್ಲಿ ದೇವಸ್ಥಾನದಿಂದ ಆಗಷ್ಟೇ ಬಂದ ಬೆಟ್ಟಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಮಾಯಮ್ಮ.

ಬೆಟ್ಟಮ್ಮನ ಕಣ್ಣು ಸಹನಳ ತಲೆಯ ಮೇಲಿತ್ತು. ಗೋವಿಂದ ಗೋವಿಂದ ಅನ್ನುತ್ತ ಬಂದು ಎರಡೂ ಕೈಯಲ್ಲಿ ಸೊಸೆಯ ನೆತ್ತಿ ಸವರಿದಳು. ಗುಲಗಂಜಿ ಬಿಸಿ ಒಳಗೇ ಇತ್ತು ಕಣ್ರವ್ವ, ಈಗ ಕೆಲಸ ಮಾಡ್ಯದೆ ಅಂತ ಮಾಯಮ್ಮ ಶುರು ಮಾಡಿದಳು. ಬೆಟ್ಟಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಓಡಿಹೋಗಿ ದೇವರ ಗೂಡಿನಿಂದ ಅರಿಶಿನದ ಗಂಟು ಬಿಚ್ಚಿ ತಂದು, ಸ್ನೇಹಳನ್ನು ತಬ್ಬಿಕೊಂಡು, ನಿನ್ನ ಹರಕೆ ಫಲಿಸಿತು ತಾಯಿ, ಈ ವಾರದಲ್ಲೇ ತಿರುಪತಿಗೆ ಹೊರಡುವುದು ಅಂದಳು. ಸ್ನೇಹ ಅತ್ತೆಯ ಹೆಗಲ ಮೇಲ್ಗಡೆಯಿಂದ ಸಹನಳನ್ನೇ ನೋಡುತ್ತಿದ್ದಳು.

ಸಹನ ಈಗ ಏನನ್ನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು, ಜಡೆ ಹೋಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಳು ಕೂಡ. ಆ ಸುಖವನ್ನು ಒಂದು ಗಳಿಗೆ ನಾಲಿಗೆಯ ಮೇಲೆ ಇಟ್ಟುಕೊಳ್ಳದೆ ಬಿಡಲು ಅವಳೇನು ಸನ್ಯಾಸಿಯಲ್ಲ. ಆಮೇಲೆ ಬಾಯಿ ಬಿಟ್ಟಳು.

“ಹರಕೆ ತಗಲಾಕಿಲ್ಲ ಕಣತ್ತೆ. ನಂಗೆ ಕೂದ್ಲು ಬಂದಿದ್ದು ಶ್ರಾವಣಕ್ಕಿಂತ ಮುಂಚೆ.”

ಬೆಟ್ಟಮ್ಮ ತಿರುಗಿ ನೋಡಿದಳು. ಸಹನ ಒಂದೂ ತಡವರಿಸದೆ ಹೇಳುತ್ತ ಹೋದಳು. ಆಷಾಢದಲ್ಲೇ ಡಾಕ್ಟರಮ್ಮ ಗಾಜು ಹಿಡಿದು ನೋಡಿ ಬಂದಿದೆ ಅಂದಿದ್ದರು, ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಸ್ನೇಹ ಹರಕೆ ಹೇಳುವಾಗಲೇ ಅದು ತಲೆಯಲ್ಲಿತ್ತು. ಬಂದದ್ದನ್ನು ಬರಲಿ ಅಂತ ಬೇಡಿದರೆ ಅದು ಯಾವ ಹರಕೆ? ಡಾಕ್ಟರಮ್ಮ ಆಷಾಢದಲ್ಲಿ ಅಂಥದ್ದು ಏನೂ ಹೇಳಿರಲಿಲ್ಲ. ಹೇಳಿದವಳ ದನಿ ಮಾತ್ರ ಗಟ್ಟಿಯಾಗಿತ್ತು.

“ಮತ್ಯಾಕೆ ಅವತ್ತೇ ಬಾಯ್ ಬುಡ್ನಿಲ್ಲ?”

“ಹೊಟ್ಟೆಕಿಚ್ಚು ಕಣತ್ತೆ. ಎಲ್ರೂ ಇವ್ಳನ್ನ ಹೊಗಳ್ತಿದ್ರಿ. ಹೆಂಗೂ ತಲೆ ಬೋಳುಸ್ಕತೀನಿ ಅಂತಾವ್ಳೆ, ಬೋಳುಸ್ಕಳ್ಳಿ ಅಂತ ಸುಮ್ನಿದ್ದೆ.”

ಸ್ನೇಹ ಏನೋ ಹೇಳಲು ಬಾಯಿ ತೆರೆದಳು. ಸಹನ ಅವಳ ಕಡೆ ಒಂದು ನೋಟ ಬಿಟ್ಟಳು, ಬಾಯಿ ಮುಚ್ಚಿತು. ಬೆಟ್ಟಮ್ಮನ ಕೈಯಲ್ಲಿ ಅರಿಶಿನದ ಗಂಟು ಹಾಗೇ ಇತ್ತು. ಅವಳು ಒಮ್ಮೆ ಅದನ್ನು ನೋಡಿದಳು, ಒಮ್ಮೆ ದೊಡ್ಡ ಸೊಸೆಯನ್ನು ನೋಡಿದಳು. ಮುಂಚೆಯೇ ಬಂದಿದ್ದರೆ ಹರಕೆ ತಗಲುವುದಿಲ್ಲ, ಈ ಕಾಸನ್ನು ಹುಂಡಿಗೆ ಹಾಕಿ ತಪ್ಪಾಯಿತು ಅಂತ ಕೈ ಮುಗಿದರೆ ಸಾಕು ಅಂತ ಮಾಯಮ್ಮನೇ ನ್ಯಾಯ ಹೇಳಿದಳು. ಆಮೇಲೆ ಬೆಟ್ಟಮ್ಮ ಬೈಯ್ಯಲು ಶುರು ಮಾಡಿದಳು. ಇಂಥ ಹೊಟ್ಟೆಕಿಚ್ಚಿನವಳನ್ನು ತಾನು ಹುಟ್ಟಿದಾಗಿನಿಂದ ಕಂಡಿಲ್ಲ, ತಂಗಿಯಂಥವಳ ಕೂದಲು ತೆಗೆಸಲು ಹೊರಟಿದ್ದಳಲ್ಲ, ಇವಳನ್ನು ಯಾವ ಗಳಿಗೆಯಲ್ಲಿ ಮನೆ ತುಂಬಿಸಿಕೊಂಡೆನೋ ಅಂತ ಹಿತ್ತಲು ಹಾರಿ ಬೀದಿಗೆ ಕೇಳುವಂತೆ ಬೈದಳು. ಸಹನ ಬರಿದಲೆಯಲ್ಲೇ ಬಿಸಿಲಿಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಇಂಜೆಕ್ಷನ್ನಿಗಿಂತ ಅದೇನೂ ಹೆಚ್ಚು ನೋವಾಗಲಿಲ್ಲ.

ಸಂಜೆಯೊಳಗೆ ಮಾಯಮ್ಮ ಊರಿಗೆಲ್ಲ ಹಂಚಿದಳು. ದೊಡ್ಡ ಸೊಸೆಯ ಹೆಸರು ಕೆಟ್ಟಿತು. ಚಿಕ್ಕ ಸೊಸೆಗೆ ಮಾತ್ರ ಹರಕೆ ಹೇಳಿದ ಪುಣ್ಯವೂ ಉಳಿಯಿತು, ಕೂದಲೂ ಉಳಿಯಿತು. ಇದನ್ನು ಲೆಕ್ಕ ಹಾಕಿ ನೋಡಿದಾಗ ಸಹನಳ ಹೊಟ್ಟೆಯಲ್ಲಿ ಹಳೆಯ ಉರಿ ಮೆಲ್ಲಗೆ ಮತ್ತೆ ಎದ್ದಿತು. ಕೆಂಡದ ಮೇಲೆ ಮಜ್ಜಿಗೆ ಹೊಯ್ದರೆ ಎಷ್ಟು ಹೊತ್ತು ತಣ್ಣಗಿದ್ದೀತು?

ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಸ್ನೇಹ ಹಿಂದೆಯೇ ಬಂದು ನಿಂತಳು. ಯಾಕೆ ಹಾಗೆ ಹೇಳಿದೆ, ನನಗೋಸ್ಕರ ಊರೆಲ್ಲ ಬೈಸಿಕೊಂಡೆಯಲ್ಲ ಅಂತ ಕೇಳಿದಳು. ಅವಳ ಕಣ್ಣು ಮತ್ತೆ ತುಂಬಿತ್ತು.

“ನಿನಗೋಸ್ಕರ ಅಲ್ಲ ಕಣೆ” ಅಂದಳು ಸಹನ ಹುಲ್ಲು ಕೊಡವುತ್ತ. “ನಿನ್ ಹರಕೆಯಿಂದ ನಂಗ್ ಕೂದ್ಲು ಬಂತು ಅಂತ ಸಾಯೋಗಂಟ ಕೇಳಕ್ಕಾಗಲ್ಲ ನನ್ ಕೈಲಿ.”

ಅವಳು ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಸ್ನೇಹ ಅದನ್ನು ನಂಬಲಿಲ್ಲ.